ಸಿಗರ್ಡ್ ಬ್ರೆಕ್ಕೆಯ ಗುರಿ ತಪ್ಪದ ಕೋವಿ

ಸತ್ತವರನ್ನು ಹೊಗಳುವುದಕ್ಕೆ ಖರ್ಚಿಲ್ಲವೆಂದು ನಮ್ಮ ಭಾವ ವೆಂಡೆಲ್ ಟ್ವೆಟನ್ ಐವತ್ತೆರಡು ವರ್ಷ ನಂಬಿಕೊಂಡಿದ್ದರು. ಆ ನಂಬಿಕೆ ಹೋದದ್ದು ಈ ಏಪ್ರಿಲ್‌ನಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ, ಒಂದು ಕಪ್ ಕಾಫಿಯ ಆಸೆಯಿಂದ.

ಸಿಗರ್ಡ್ ಬ್ರೆಕ್ಕೆ ತೀರಿಕೊಂಡಿದ್ದ. ಮಣ್ಣು ಮುಗಿಸಿ ಬಂದು ನಾವೆಲ್ಲ ಊಟಕ್ಕೆ ಕೂತಿದ್ದೆವು. ಹ್ಯಾಮ್ ಇಟ್ಟ ಬನ್ನು, ಆಲೂಗಡ್ಡೆ ಸಲಾಡು, ನಮ್ಮಕ್ಕ ಲವೋನ್ ಮಾಡಿದ ನಿಂಬೆಹಣ್ಣಿನ ಬಿಲ್ಲೆ. ಊಟವಾದ ಮೇಲೆ ಪಾದ್ರಿಗಳು, "ಸಿಗರ್ಡ್ ಬಗ್ಗೆ ಯಾರಾದರೂ ಎರಡು ಮಾತು ಹೇಳೋದಿದ್ದರೆ ಎದ್ದು ನಿಲ್ಲಬಹುದು" ಎನ್ನುವುದು ಪದ್ಧತಿ. ಯಾರೂ ಏಳದಿರುವುದೂ ಪದ್ಧತಿಯೇ. ನಾವು ನಾರ್ವೆಯಿಂದ ಬಂದವರ ಮೊಮ್ಮಕ್ಕಳು. ಮೊಂಟಾನಾದ ಈ ಮೂಲೆಯಲ್ಲಿ ಒಬ್ಬ ಇನ್ನೊಬ್ಬನನ್ನು ಬಾಯಿಬಿಟ್ಟು ಹೊಗಳಿದರೆ, ಇವನಿಗೆ ಅವನ ಟ್ರ್ಯಾಕ್ಟರ್ ಬೇಕಾಗಿದೆ ಎಂದೇ ಅರ್ಥ. ಸಾಮಾನ್ಯವಾಗಿ ಐದು ನಿಮಿಷ ಎಲ್ಲರೂ ತಟ್ಟೆ ನೋಡುತ್ತೇವೆ, ಆಮೇಲೆ ಪಾದ್ರಿಗಳು ಪ್ರಾರ್ಥನೆ ಹೇಳಿ ಮುಗಿಸುತ್ತಾರೆ. ಅವತ್ತು ಪಾದ್ರಿಗಳು ಏಕೋ ಹಟ ಹಿಡಿದರು. ಒಂಬತ್ತು ನಿಮಿಷವಾಯಿತು. ಸಿಗರ್ಡನ ಹೆಂಡತಿ ಆರ್ಡಿಸಮ್ಮ ಮುಂದಿನ ಮೇಜಿನಲ್ಲಿ ಒಬ್ಬರೇ ಕೂತು ತಮ್ಮ ಕಪ್ಪಿನೊಳಗೆ ನೋಡುತ್ತಿದ್ದರು. ನೋಡುವುದಕ್ಕೇ ಸಂಕಟವಾಗುತ್ತಿತ್ತು.

ಆ ಹೊತ್ತಿಗೆ ನಮ್ಮ ಭಾವನ ಕಪ್ಪು ಖಾಲಿಯಾಯಿತು. ಕಾಫಿ ಹಂಡೆ ಗೋಡೆಯ ಪಕ್ಕದಲ್ಲಿತ್ತು. ಅವರು ಎದ್ದರು.

ಎಂಬತ್ತು ತಲೆಗಳು ಅವರ ಕಡೆ ತಿರುಗಿದವು. ಆರ್ಡಿಸಮ್ಮನ ತಲೆಯೂ ತಿರುಗಿತು.

"ಹೇಳಪ್ಪ ವೆಂಡೆಲ್," ಎಂದರು ಪಾದ್ರಿಗಳು. ದನಿಯಲ್ಲಿ ಅಷ್ಟು ನೆಮ್ಮದಿ ಇತ್ತು.

ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಂದೆ "ನಾನು ಕಾಫಿಗೆ ಎದ್ದಿದ್ದು" ಎಂದು ಹೇಳುವ ಎದೆ ಭಾವನಿಗಿಲ್ಲ. ನನಗೂ ಇಲ್ಲ. ಆದರೆ ಸಿಗರ್ಡನ ಬಗ್ಗೆ ಹೇಳುವುದೇನು? ಆತ ಊರಿಂದ ಆರು ಮೈಲಿ ಆಚೆ ಇದ್ದ, ಗೋಧಿ ತಂದು ಹಾಕುತ್ತಿದ್ದ, ಹವೆಯ ಬಗ್ಗೆ ಮಾತಾಡುತ್ತಿದ್ದ. ಭಾವ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವವರು, ಅವರಿಗೆ ಗೊತ್ತಿದ್ದದ್ದು ಆತನ ಲಾರಿಯ ತೂಕ. ಖಾಲಿ ಕಪ್ಪು ಹಿಡಿದುಕೊಂಡು ಅವರು ಸುತ್ತ ಕಣ್ಣಾಡಿಸಿದರು. ಗೋಡೆಗೆ ಆನಿಸಿಟ್ಟ ಫೋಟೋಗಳಲ್ಲಿ ಒಂದರಲ್ಲಿ ಸಿಗರ್ಡ್ ತನ್ನ ದಪ್ಪ ನಳಿಗೆಯ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಸಿಗರ್ಡ್ ಅಂದ್ರೆ..." ಎಂದರು ಭಾವ. "ಸಿಗರ್ಡ್ ಎರಡನೇ ಗುಂಡು ಹಾರಿಸಿದ್ದನ್ನ ಈ ಊರಲ್ಲಿ ಯಾರೂ ನೋಡಿಲ್ಲ. ಒಂದು ಗೋಫರ್, ಒಂದು ಗುಂಡು. ಅಷ್ಟೇ."

ಇದು ಸುಳ್ಳಲ್ಲ. ಆತ ಮೊದಲನೇ ಗುಂಡು ಹಾರಿಸಿದ್ದನ್ನೂ ಯಾರೂ ನೋಡಿರಲಿಲ್ಲ. ಆದರೆ ಗೋಫರ್ ಎಂದರೆ ನಮ್ಮಲ್ಲಿ ಎಲ್ಲರಿಗೂ ನೆತ್ತರು ಕುದಿಯುವ ವಿಷಯ. ಈ ನೆಲದ ಅಳಿಲು ಹುಲ್ಲುಗಾವಲನ್ನೆಲ್ಲ ತೂತು ಮಾಡಿಡುತ್ತದೆ, ಕುದುರೆ ಕಾಲಿಟ್ಟರೆ ಕಾಲೇ ಮುರಿಯುತ್ತದೆ. ಇನ್ನೂರು ಗಜ ದೂರದಲ್ಲಿ ಮುಷ್ಟಿಯಗಲದ ತಲೆಗೆ ಗುರಿಯಿಟ್ಟು ಹೊಡೆಯುವುದು ಸುಲಭವಲ್ಲ. ಒಂದೇ ಗುಂಡು ಎಂದಾಕ್ಷಣ ಗಂಡಸರೆಲ್ಲ ತಲೆದೂಗಿದರು. ಆರ್ಡಿಸಮ್ಮ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಭಾವನಿಗೂ ತಾವು ಹೇಳಿದ್ದು ನಿಜವೆನ್ನಿಸಿತು. ಆಮೇಲೆ ಹಂಡೆಯ ಹತ್ತಿರ ಹೋಗಿ ಕಾಫಿ ಹಾಕಿಕೊಂಡರು.

ಎರಡು ವಾರದ ನಂತರ ಊರ ಹೋಟೆಲಿನ ಬಾಗಿಲ ಹತ್ತಿರ ಒಂದು ಚೀಟಿ ಕಾಣಿಸಿತು. ದಪ್ಪ ನಳಿಗೆಯ ಕೋವಿ, ದುರ್ಬೀನು ಸಮೇತ, ಮಾರಾಟಕ್ಕಿದೆ, ಆರ್ಡಿಸ್ ಬ್ರೆಕ್ಕೆ. ಭಾವ ಅದನ್ನು ಮೂರು ಸಲ ಓದಿ, ಬೇರೆಯವರು ಓದದ ಹಾಗೆ ಮೇಲೊಂದು ಕಾಣೆಯಾದ ನಾಯಿಯ ಚೀಟಿ ಅಂಟಿಸಿ, ಮನೆಗೆ ಬಂದರು. ಅವರ ಹತ್ತಿರ ಇದ್ದದ್ದು ತೆಳು ನಳಿಗೆಯ ಹಳೇ ಕೋವಿ. ನಾಲ್ಕು ಗುಂಡು ಹಾರಿಸಿದರೆ ಕಾದು, ಐದನೆಯದು ಪಕ್ಕದ ಜಮೀನಿಗೆ ಹೋಗುತ್ತದೆ. ಗೋಫರ್‌ಗಳು ಅವರನ್ನು ಕಂಡರೆ ತೂತಿಗೆ ಇಳಿಯುವ ತೊಂದರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಅಕ್ಕ ನಾನ್ನೂರು ಡಾಲರಿಗೆ ಒಪ್ಪಿದಳು. "ನಾನ್ನೂರ ಒಂದು ಅಂದ್ರೆ ಅಲ್ಲೇ ಇದ್ಬಿಡಿ," ಎಂದಳು. ಭಾವ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಹೆಂಡತಿಯ ತಮ್ಮ ಇದ್ದರೆ ಧೈರ್ಯ ಎಂದರು. ನನ್ನ ಪಿಕಪ್ಪು ಇತ್ತು ಎಂಬುದು ನಿಜವಾದ ಕಾರಣ.

ಆರ್ಡಿಸಮ್ಮ ಅಡುಗೆಮನೆಯಲ್ಲಿ ಕೂರಿಸಿ, "ಕಾಫಿ?" ಎಂದರು.

"ಬೇಡ ಬಿಡಿ, ಈಗ್ತಾನೆ ಆಯ್ತು."

"ಸ್ವಲ್ಪ ಕುಡೀರಪ್ಪ."

"ಅಯ್ಯೋ, ಸುಮ್ನೆ ನಿಮಗೆ ತೊಂದ್ರೆ."

"ಇಟ್ಟಾಗಿದೆ."

"ಹಂಗಾದ್ರೆ ಅರ್ಧ ಕಪ್," ಎಂದು ಭಾವ ಎರಡೂವರೆ ಕಪ್ ಕುಡಿದರು. ಮೂರನೇ ಸಲ ಕೇಳುವ ತನಕ ಒಪ್ಪದವನೇ ನಮ್ಮಲ್ಲಿ ಮರ್ಯಾದಸ್ಥ.

ಕೋವಿಯನ್ನು ಮೇಜಿನ ಮೇಲೆ ಕಂಬಳಿ ಹಾಸಿ ಮಲಗಿಸಿದ್ದರು. ಹನ್ನೆರಡು ಪೌಂಡು ತೂಕ, ನಳಿಗೆ ಹಾರೆಯಷ್ಟು ದಪ್ಪ. ಭಾವ ಎರಡೂ ಕೈ ಹಾಕಿ ಎತ್ತಿ, ಕೆನ್ನೆಗಾನಿಸಿ, ಬಿಸ್ಕತ್ತಿನ ಡಬ್ಬಿಯ ಮೇಲೆ ಬೀಳಿಸುವುದರಲ್ಲಿದ್ದರು. ನಾನು ಹಿಡಿದುಕೊಂಡೆ.

"ಬೆಲೆ ಏನಂತ..." ಎಂದರು ಭಾವ.

"ನಂಗೇನು ಗೊತ್ತಾಗುತ್ತೆ. ಕುಚೇರಾಗೆ ಫೋನ್ ಮಾಡಿ ಕೇಳ್ದೆ," ಎಂದರು ಆರ್ಡಿಸಮ್ಮ. ಗೇಲೆನ್ ಕುಚೇರಾ ಎಂದರೆ ಅರವತ್ತು ಮೈಲಿ ಆಚೆಯ ಕೋವಿ ರಿಪೇರಿಯವನು. "ಈ ಥರದ್ದಕ್ಕೆ ಮೈ ನೋಡಿ ಬೆಲೆ ಕಟ್ಟೋದಲ್ವಂತೆ. ಎಷ್ಟು ಗುಂಡು ಹೋಗಿದೆ ಅನ್ನೋದೇ ಮುಖ್ಯವಂತೆ. ಸಾವಿರದ ಒಳಗಿದ್ರೆ ನಳಿಗೆ ಎಳೇದು, ಒಂಬೈನೂರು ಡಾಲರ್. ಮೂರು ಸಾವಿರ ದಾಟಿದ್ರೆ ನಳಿಗೆ ಸುಟ್ಟೋಗಿರುತ್ತೆ, ಬೇರೆ ಹಾಕಿಸ್ಬೇಕು, ನಾನ್ನೂರು."

"ಇದರಲ್ಲಿ ಎಷ್ಟು ಹೋಗಿದೆ ಅಂತ..."

ಆರ್ಡಿಸಮ್ಮ ಡ್ರಾಯರಿನಿಂದ ಒಂದು ಪುಟ್ಟ ಪುಸ್ತಕ ತೆಗೆದರು. ಹನ್ನೊಂದು ವರ್ಷದ ತಾರೀಖುಗಳು, ಒಂದೊಂದರ ಮುಂದೆ ಪೆನ್ಸಿಲಿನ ಗೆರೆಗಳು. "ಒಂದು ಗೋಫರ್‌ಗೆ ಒಂದು ಗೆರೆ. ನಾನು ಕೂಡಿದೀನಿ, ಆರುನೂರ ಹನ್ನೆರಡು."

"ಅದು ಬಿದ್ದಿದ್ದರ ಲೆಕ್ಕ, ಆರ್ಡಿಸಮ್ಮ. ನಾನು ಕೇಳಿದ್ದು ಹಾರಿಸಿದ್ದು."

"ಎರಡೂ ಒಂದೇ ತಾನೇ?"

"ಹೆಂಗೆ ಒಂದೇ ಆಗುತ್ತೆ?"

"ನೀನೇ ಹೇಳಿದ್ಯಲ್ಲಪ್ಪ, ಚರ್ಚಲ್ಲಿ. ಒಂದು ಗೋಫರ್, ಒಂದು ಗುಂಡು ಅಂತ."

ಭಾವ ಕಪ್ಪನ್ನು ಕೆಳಗಿಟ್ಟರು. ತಾವು ಹೊಗಳಿದ್ದಕ್ಕೆ ಬಿಲ್ಲು ಬಂದಿದೆ ಎಂಬುದು ಆಗ ಅವರಿಗೆ ತಿಳಿಯಿತು. ಸಿಗರ್ಡ್ ಒಳ್ಳೆಯ ಗುರಿಕಾರನಾದಷ್ಟೂ ಕೋವಿ ದುಬಾರಿ. ಅಗ್ಗವಾಗಬೇಕಾದರೆ ಆತನನ್ನು ದಡ್ಡ ಗುರಿಕಾರನನ್ನಾಗಿ ಮಾಡಬೇಕು, ಅದೂ ಆತನ ಹೆಂಡತಿಯ ಅಡುಗೆಮನೆಯಲ್ಲಿ, ಆಕೆಯ ಕಾಫಿ ಕುಡಿದು.

"ನಮ್ಮ ಕಡೆ ಗಾಳಿ ಜಾಸ್ತಿ ನೋಡಿ," ಎಂದು ಶುರುಮಾಡಿದರು.

"ಹೂಂ, ಜಾಸ್ತಿ."

"ಗಾಳಿ ಬಂದ್ರೆ ಎಂಥವರಿಗೂ ಒಂದೊಂದ್ಸಲ..."

"ಒಂದೊಂದ್ಸಲ ಏನು, ವೆಂಡೆಲ್?"

ಆರ್ಡಿಸಮ್ಮ ಕೋಪದಿಂದ ಕೇಳಲಿಲ್ಲ. ಕೋಪದಿಂದ ಕೇಳಿದ್ದರೆ ಭಾವ ಉತ್ತರ ಕೊಡುತ್ತಿದ್ದರೋ ಏನೋ.

"ಒಂದೊಂದ್ಸಲ ಟೋಪಿ ಹಾರಿಹೋಗುತ್ತೆ," ಎಂದರು ಭಾವ.

ಕೋವಿ ಕೊಳ್ಳದೆ ಎದ್ದು ಬಂದೆವು. ಊರು ಹತ್ತಿರವಾದಾಗ, "ಲೈಲ್, ಒಬ್ಬ ಮನುಷ್ಯ ತಾನೇ ಬಾಯಿಬಿಟ್ಟು ತಾನೇ ರೇಟು ಏರಿಸಿಕೊಂಡಿದ್ದು ಎಲ್ಲಾದರೂ ಕೇಳಿದೀಯಾ?" ಎಂದರು. ಕೇಳಿಲ್ಲ ಎಂದೆ. ಅದರಿಂದ ಅವರಿಗೆ ಸಮಾಧಾನವಾಗಲಿಲ್ಲ.

ಏರಿಸಿದ್ದನ್ನು ಇಳಿಸಬಹುದು ಎಂದು ಅವರಿಗೆ ತೋಚಿತು. ಸಿಗರ್ಡನ ಕೀರ್ತಿಯನ್ನು ಒಟ್ಟಿಗೆ ಕೆಡವುವುದು ಬೇಡ, ಐನೂರು ಡಾಲರಿನಷ್ಟು ಮಾತ್ರ ಕೆರೆದು ತೆಗೆದರೆ ಸಾಕು. ಮಾರನೇ ಬೆಳಿಗ್ಗೆ ಹೋಟೆಲಿನ ದೊಡ್ಡ ಮೇಜಿನಲ್ಲಿ ಕೂತು, "ಎಷ್ಟೇ ದೊಡ್ಡ ಗುರಿಕಾರನಾದರೂ ಅಲ್ಲೊಂದು ಇಲ್ಲೊಂದು ತಪ್ಪುತ್ತೆ, ಅಲ್ವಾ?" ಎಂದರು, ಯಾರನ್ನೂ ಹೆಸರಿಸದೆ.

"ಯಾರ ವಿಷಯ?" ಎಂದ ಒಬ್ಬ.

"ಯಾರದ್ದೂ ಅಲ್ಲ. ಈಗ ಉದಾಹರಣೆಗೆ ಸಿಗರ್ಡ್‌ನೇ ತಗೊಳ್ಳಿ."

ಮೇಜು ತಣ್ಣಗಾಯಿತು. "ಸತ್ತು ಮೂರು ವಾರ ಆಗಿಲ್ಲ ಕಣಯ್ಯ," ಎಂದ ಇನ್ನೊಬ್ಬ. ಚರ್ಚಿನಲ್ಲಿ ಬಾಯಿ ಬಿಡದಿದ್ದವರಿಗೆಲ್ಲ ಈಗ ಸಿಗರ್ಡನ ಗುರಿಯ ಬಗ್ಗೆ ಒಂದೊಂದು ನೆನಪು ಬಂತು. ಒಬ್ಬ ಮುನ್ನೂರು ಗಜ ಎಂದ, ಮತ್ತೊಬ್ಬ ನಾನ್ನೂರು, ಅದೂ ಹಿಮ ಬೀಳುತ್ತಿತ್ತು ಎಂದ. ಹಿಮ ಬೀಳುವಾಗ ಗೋಫರ್‌ಗಳು ಹೊರಗೆ ಬರುವುದಿಲ್ಲವೆಂದು ಹೇಳುವಷ್ಟು ಧೈರ್ಯ ಭಾವನಿಗಿರಲಿಲ್ಲ.

ಅಷ್ಟರಲ್ಲಿ ನಾರ್ಬರ್ಟ್ ಶೂಲ್ಟ್ಸ್ ಬಂದು ಪಕ್ಕದಲ್ಲಿ ಕೂತ. ಈತ ನಮ್ಮ ಜಿಲ್ಲೆಯ, ಎಂದರೆ ಕೌಂಟಿಯ, ಕಳೆ ಮತ್ತು ಕೀಟ ನಿಯಂತ್ರಣಾಧಿಕಾರಿ. ಗೋಫರ್ ಕೀಟವಲ್ಲದಿದ್ದರೂ ಸರ್ಕಾರದ ದೃಷ್ಟಿಯಲ್ಲಿ ಈತನ ಸುಪರ್ದಿಗೇ ಬರುತ್ತದೆ.

"ವೆಂಡೆಲ್, ಇದು ಸರಿಯಲ್ಲ," ಎಂದ ನಾರ್ಬರ್ಟ್. "ನಾನು ಕಮಿಷನರುಗಳಿಗೆ ವರದಿ ಕಳಿಸಿ ಆಗಿದೆ. ವಿಷದ ಕಾಳು ಹಾಕೋದಕ್ಕಿಂತ ಕೋವಿಯೇ ಅಗ್ಗ, ಒಂದು ಗೋಫರ್‌ಗೆ ಒಂದು ಗುಂಡು ಬೀಳುತ್ತೆ ಅಂತ."

"ಅದಕ್ಕೆ ಆಧಾರ?"

"ನೀನೇ. ನಿನ್ನ ಹೆಸರು ಕೊಟ್ಟಿದೀನಿ. ಚರ್ಚಿನಲ್ಲಿ ಹೇಳಿದ್ದು ಅಂತಾನೂ ಹಾಕಿದೀನಿ, ಅಂದ್ರೆ ಪ್ರಮಾಣ ಮಾಡಿದ ಹಾಗೇ ಲೆಕ್ಕ. ಈಗ ನೀನು ಹಿಂಗಂದ್ರೆ ಕೌಂಟಿ ಮರ್ಯಾದೆ ಏನಾಗ್ಬೇಕು?"

ಹೆಚ್ಚು ಪೆಟ್ಟು ಬಿದ್ದದ್ದು ಮನೆಯಲ್ಲಿ. ಗುರುವಾರ ಹೆಂಗಸರು ಚರ್ಚಿನಲ್ಲಿ ಕೌದಿ ಹೊಲಿಯಲು ಸೇರುತ್ತಾರೆ. ಅಕ್ಕ ಒಂದು ತಟ್ಟೆ ತುಂಬ ನಿಂಬೆ ಬಿಲ್ಲೆ ಒಯ್ದವಳು, ಒಂದು ತಟ್ಟೆ ತುಂಬ ನಿಂಬೆ ಬಿಲ್ಲೆ ವಾಪಸು ತಂದಳು.

"ಒಬ್ಬಳೂ ಮುಟ್ಟಲಿಲ್ಲ," ಎಂದಳು. "ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. 'ಈಗ್ತಾನೆ ಊಟ ಆಯ್ತು ಲವೋನ್' ಅಂತಾರೆ. ಎಲ್ಲರಿಗೂ ಒಟ್ಟಿಗೇ ಊಟ ಆಗಿಬಿಟ್ಟಿತ್ತಾ?"

"ನಾನೇನು ಮಾಡ್ಲಿ?" ಎಂದರು ಭಾವ.

"ಸಿಗರ್ಡ್ ಹೆಸರಿಗೆ ಒಂದು ಗೀರೂ ಬೀಳಬಾರದು. ಕೋವಿಗೆ ನಾನ್ನೂರರ ಮೇಲೆ ಕೊಡಬಾರದು."

"ಎರಡೂ ಒಟ್ಟಿಗೆ ಆಗಲ್ಲ ಕಣೇ."

"ಅದು ನಿಮ್ಮ ಕಷ್ಟ. ಎದ್ದು ನಿಂತು ಭಾಷಣ ಮಾಡಿದ್ದು ನೀವು."

ಕಾಫಿಗೆ ಎದ್ದದ್ದು ಎಂದು ಭಾವ ಆಗಲೂ ಹೇಳಲಿಲ್ಲ. ಮೂವತ್ತು ಜನ ಅವರ ಕೈ ಕುಲುಕಿದ್ದರು. ಅದನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ಶುಕ್ರವಾರ ಆರ್ಡಿಸಮ್ಮನೇ ಫೋನ್ ಮಾಡಿದರು. ಊರಲ್ಲಿ ಏನೇನೋ ಮಾತು ಓಡಾಡುತ್ತಿದೆಯಂತೆ, ಶನಿವಾರ ಹತ್ತು ಗಂಟೆಗೆ ಕುಚೇರಾ ನಳಿಗೆ ಪರೀಕ್ಷೆಗೆ ಬರುತ್ತಾನೆ, ಯಾರು ಬೇಕಾದರೂ ಬಂದು ನೋಡಬಹುದು, ಎಂದರು. ಅವರ ದನಿ ಸ್ವಲ್ಪ ನಡುಗುತ್ತಿತ್ತು ಎಂದು ಅಕ್ಕ ಹೇಳಿದಳು. ಭಾವ ಅವತ್ತು ಊಟ ಮಾಡಲಿಲ್ಲ.

ಕುಚೇರಾನ ಬಗ್ಗೆ ಒಂದು ಮಾತು ಹೇಳಬೇಕು. ಆತ ನಮ್ಮ ಚರ್ಚಿನವನಲ್ಲ, ನಮ್ಮ ಊರಿನವನಲ್ಲ, ಸಿಗರ್ಡನ ಹೆಸರು ಕೇಳಿದವನೂ ಅಲ್ಲ. ಸುಳ್ಳು ಹೇಳಲು ಬರದ ಮನುಷ್ಯ. ತನ್ನ ಅಂಗಡಿಯ ಕೋವಿ ಕೊಳ್ಳಲು ಬಂದವರಿಗೆ ಅದರ ದೋಷಗಳನ್ನೆಲ್ಲ ಹೇಳಿ ವಾಪಸು ಕಳಿಸುತ್ತಾನೆ. ಹೆಂಡತಿ ಕೆಲಸಕ್ಕೆ ಹೋಗುವುದರಿಂದ ಸಂಸಾರ ನಡೆಯುತ್ತಿದೆ.

ಶನಿವಾರ ಆ ಅಡುಗೆಮನೆಯಲ್ಲಿ ಸೇರಿದ್ದು ಭಾವ, ಅಕ್ಕ, ನಾನು, ಮತ್ತು ಸರ್ಕಾರದ ಪರವಾಗಿ ನಾರ್ಬರ್ಟ್. ಕುಚೇರಾ ತುದಿಯಲ್ಲಿ ದೀಪವಿರುವ ಉದ್ದನೆಯ ತೆಳು ಕೊಳವೆಯೊಂದನ್ನು ನಳಿಗೆಯೊಳಗೆ ತೂರಿಸಿ, ಹೊರಗಿನ ತುದಿಗೆ ಕಣ್ಣಿಟ್ಟ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದು, "ಕೊಳ್ಳೋನು ನೀನು ತಾನೇ? ನೀನೇ ನೋಡು," ಎಂದು ಭಾವನಿಗೆ ಜಾಗ ಬಿಟ್ಟ.

ಭಾವ ಬಗ್ಗಿ ನೋಡಿದರು. ಅವರಿಗೆ ಈ ವಿದ್ಯೆ ಗೊತ್ತಿಲ್ಲ. ಆದರೆ ಗುಂಡು ಹೊರಡುವ ಕಡೆ ನಳಿಗೆಯ ಗೋಡೆ ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿದ್ದು ಯಾರಿಗಾದರೂ ಕಾಣುತ್ತದೆ. ಅವರ ಐನೂರು ಡಾಲರ್ ಆ ಬಿರುಕುಗಳಲ್ಲಿತ್ತು. ಬಾಯಿಬಿಟ್ಟು ಒಂದು ಮಾತು ಹೇಳಿದರೆ ಕೋವಿ ನಾನ್ನೂರಕ್ಕೆ ಅವರದ್ದು, ಹೋಟೆಲಿನಲ್ಲಿ ಗೆದ್ದದ್ದೂ ಅವರೇ.

ಅವರು ತಲೆಯೆತ್ತಿದರು. ಎದುರಿಗೆ ಆರ್ಡಿಸಮ್ಮ ಆ ಪುಟ್ಟ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಎಳೇ ನಳಿಗೆ," ಎಂದರು ಭಾವ. "ಹೊಸದಿದ್ದ ಹಾಗಿದೆ. ಒಂಬೈನೂರು ಕೊಡ್ತೀನಿ."

ಅಕ್ಕನ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಅವಳು ಬಾಯಿ ತೆರೆದವಳು ಆರ್ಡಿಸಮ್ಮನ ಮುಖ ನೋಡಿ ಮುಚ್ಚಿಕೊಂಡಳು. ನನಗೆ ಭಾವನ ಮೇಲೆ ಅಭಿಮಾನ ಉಕ್ಕಿತು. ಇಪ್ಪತ್ತಾರು ವರ್ಷದಲ್ಲಿ ಅದೂ ಮೊದಲನೇ ಸಲವೇ.

"ಕಣ್ಣು ಡಾಕ್ಟರಿಗೆ ತೋರಿಸ್ಕೊಳ್ಳಪ್ಪ," ಎಂದ ಕುಚೇರಾ. "ಆ ನಳಿಗೆಯಲ್ಲಿ ನಾಲ್ಕು ಸಾವಿರಕ್ಕೆ ಒಂದು ಗುಂಡೂ ಕಡಿಮೆ ಹೋಗಿಲ್ಲ."

ಭಾವ ಅವನ ಕಾಲು ತುಳಿದರು. "ಯಾಕೆ ಕಾಲು ತುಳೀತೀಯ?" ಎಂದು ಆತ ಗಟ್ಟಿಯಾಗಿಯೇ ಕೇಳಿದ.

ನಾರ್ಬರ್ಟ್ ಬೆರಳು ಮಡಿಸುತ್ತಿದ್ದ. "ಆರುನೂರ ಹನ್ನೆರಡಕ್ಕೆ ನಾಲ್ಕು ಸಾವಿರ ಅಂದ್ರೆ, ಒಂದು ಗೋಫರ್‌ಗೆ ಆರೂವರೆ ಗುಂಡು," ಎಂದ. ಮತ್ತೆ ತನಗೇ ಹೇಳಿಕೊಂಡ ಹಾಗೆ, "ವಿಷದ ಕಾಳೇ ಅಗ್ಗ," ಎಂದ.

ಯಾರೂ ಆರ್ಡಿಸಮ್ಮನ ಕಡೆ ನೋಡಲಿಲ್ಲ. ನಾನು ಕಿಟಕಿಯಿಂದಾಚೆ ನೋಡಿದೆ. ಒಬ್ಬ ಮನುಷ್ಯನ ಬಗ್ಗೆ ಆತ ಬದುಕಿರುವ ತನಕ ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲ, ಸತ್ತ ಮೇಲೆ ಸಿಕ್ಕಿದ ಒಂದೇ ಒಂದು ಮಾತನ್ನು ನಾವು ಐದು ಜನ ಸೇರಿ, ದೀಪ ಹಾಕಿ, ಒಳಗೆ ಇಣುಕಿ, ಕಿತ್ತುಕೊಂಡೆವು ಎಂದು ನಾಚಿಕೆಯಾಯಿತು.

ಆರ್ಡಿಸಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಮಿಕ್ಕಿದ್ದು ನಂದು," ಎಂದರು.

"ಏನು ಮಿಕ್ಕಿದ್ದು?" ಎಂದ ನಾರ್ಬರ್ಟ್.

"ಸಿಗರ್ಡ್ ಹಾರಿಸಿದ್ದು ಆರುನೂರ ಹನ್ನೆರಡು. ಮಿಕ್ಕ ಮೂರು ಸಾವಿರದ ಮುನ್ನೂರ ಎಂಬತ್ತೆಂಟು ನಾನು ಹಾರಿಸಿದ್ದು. ಹನ್ನೊಂದು ವರ್ಷ ಅವರ ಪಕ್ಕದಲ್ಲೇ ನಿಂತು ಹಾರಿಸಿದೀನಿ. ಒಂದೂ ತಗುಲಲಿಲ್ಲ."

"ಒಂದೂ ಇಲ್ವಾ?" ಎಂದಳು ಅಕ್ಕ.

"ಒಂದೂ ಇಲ್ಲ ಲವೋನ್. ಅವರು ಪಾಪ ಒಂದು ದಿನವೂ ಬೈಲಿಲ್ಲ." ಆರ್ಡಿಸಮ್ಮ ಭಾವನ ಕಡೆ ತಿರುಗಿದರು. "ನಳಿಗೆ ಹಾಳು ಮಾಡಿದ್ದು ನಾನು, ನೀನ್ಯಾಕೆ ಕೊಡಬೇಕು? ನಾನ್ನೂರು ಕೊಡಪ್ಪ, ಸಾಕು."

ಅಡುಗೆಮನೆಗೆ ಉಸಿರು ಬಂತು. ಸಿಗರ್ಡ್ ಮೊದಲಿದ್ದ ಜಾಗಕ್ಕೇ ಮತ್ತೆ ಬಂದು ನಿಂತ, ಒಂದು ಗೋಫರ್, ಒಂದು ಗುಂಡು. ಅಕ್ಕ ಕಣ್ಣೊರೆಸಿಕೊಂಡು ನಾನ್ನೂರು ಎಣಿಸಿದಳು. ಎಲ್ಲವೂ ಸುಖಾಂತವಾಗಿಯೇ ಮುಗಿಯುತ್ತಿತ್ತು. ಆದರೆ ನಾರ್ಬರ್ಟ್ ಸರ್ಕಾರದವನು.

"ತಪ್ಪು ತಿಳ್ಕೋಬೇಡಿ," ಎಂದ. "ನಾಳೆ ಯಾರಾದ್ರೂ ಕಮಿಷನರು ಕೇಳಿದ್ರೆ ನಾನು ಕಣ್ಣಾರೆ ನೋಡಿದೀನಿ ಅನ್ನೋ ಹಂಗಿರ್ಬೇಕು. ಒಂದು ಗುಂಡು ತಪ್ಪಿಸಿ ತೋರಿಸಿಬಿಟ್ರೆ ಮುಗೀತು."

"ನಾಚಿಕೆ ಆಗ್ಬೇಕು ನಿನಗೆ," ಎಂದಳು ಅಕ್ಕ.

"ಇರ್ಲಿ ಬಿಡು," ಎಂದು ಆರ್ಡಿಸಮ್ಮ ಗಂಡನ ಕೋಟು ತೆಗೆದುಕೊಂಡು ಹಿಂದಿನ ಜಗಲಿಗೆ ನಡೆದರು. ಕೋಟನ್ನು ಮಡಿಸಿ ಕಟಕಟೆಯ ಮೇಲಿಟ್ಟರು. ಭಾವ ಎರಡೂ ಕೈಯಲ್ಲಿ ಹೊತ್ತು ತಂದ ಕೋವಿಯನ್ನು ಒಂದು ಕೈಯಲ್ಲಿ ತೆಗೆದುಕೊಂಡರು. ನಮ್ಮ ಕಡೆ ನೋಡುತ್ತಲೇ ಗುಂಡು ತುಂಬಿದರು, ಒಲೆಯ ತಿರುಗಣೆ ತಿರುಗಿಸುವ ಹಾಗೆ, ಕೋವಿಯ ಕಡೆ ನೋಡದೆ. ನಾವೆಲ್ಲ ಕಿವಿ ಮುಚ್ಚಿಕೊಂಡೆವು.

ಇನ್ನೂರು ಗಜ ಆಚೆ ಬೇಲಿ ಇತ್ತು. ಒಂದು ಕಂಬದಿಂದ ಆರಡಿ ದೂರದಲ್ಲಿ ಒಂದು ಗೋಫರ್ ತನ್ನ ತೂತಿನ ಬಾಯಲ್ಲಿ ನೆಟ್ಟಗೆ ನಿಂತು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಆರ್ಡಿಸಮ್ಮ ಬಗ್ಗಿದರು. ತಪ್ಪಿಸುವುದೇ ಅವರ ಉದ್ದೇಶವಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಕೈಗಳು ಮಾತು ಕೇಳಲಿಲ್ಲವೆಂದು ಕಾಣುತ್ತದೆ. ಸದ್ದಾಯಿತು. ಗೋಫರ್ ನಿಂತಿದ್ದ ಜಾಗದಲ್ಲಿ ಗೋಫರ್ ಇರಲಿಲ್ಲ.

ಆರ್ಡಿಸಮ್ಮ ಬೋಲ್ಟು ಎಳೆದು, ಹೊರಗೆ ಹಾರಿದ ಖಾಲಿ ತೋಟಾವನ್ನು ಗಾಳಿಯಲ್ಲೇ ಹಿಡಿದು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಆಮೇಲೆ, ತಾವೇನು ಮಾಡಿದೆವೆಂದು ಹೊಳೆದು, ಹಾಗೇ ನಿಂತರು. ಹನ್ನೊಂದು ವರ್ಷ ಈ ಜಗಲಿಯಿಂದ ಬಿದ್ದವು ಯಾರ ಕೈಯಿಂದ, ತಪ್ಪಿದವು ಯಾರ ಕೈಯಿಂದ ಎಂಬ ಪ್ರಶ್ನೆ ಐದು ತಲೆಗಳಲ್ಲಿ ಒಟ್ಟಿಗೆ ಎದ್ದಿರಬೇಕು. ಭಾವ ಟೋಪಿ ತೆಗೆದರು.

"ನಾನು ಗುರಿಯಿಟ್ಟಿದ್ದು ಬೇಲಿ ಕಂಬಕ್ಕೆ," ಎಂದರು ಆರ್ಡಿಸಮ್ಮ.

ನಾರ್ಬರ್ಟ್ ಸುಳ್ಳು ಹೇಳಲು ಬರದ ಕುಚೇರಾನ ಕಡೆ ತಿರುಗಿದ. ನಾವೆಲ್ಲರೂ ತಿರುಗಿದೆವು. ಕುಚೇರಾ ಕತ್ತಿಗೆ ನೇತುಹಾಕಿಕೊಂಡಿದ್ದ ದುರ್ಬೀನನ್ನು ಕಣ್ಣಿಗೇರಿಸಿ ದೂರದ ಬೇಲಿಯನ್ನು ನೋಡಿದ, ಅದರ ಗಾಜನ್ನು ನಿಧಾನವಾಗಿ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಆಮೇಲೆ ಆರ್ಡಿಸಮ್ಮನ ಮುಖ ನೋಡಿದ.

"ಹೌದು," ಎಂದ. "ಕಂಬಕ್ಕೆ ತಗುಲಿಲ್ಲ."